ದುಬೈಗೆ ಹೊರಟರೆ ದುಡ್ಡು ಯಾವ ಅಕೌಂಟಿನಲ್ಲಿ, ಯಾವ ಕಾರ್ಡಿನಲ್ಲಿ?

2023ರ ಜುಲೈಯಲ್ಲಿ ಬಜ್ಪೆಯಿಂದ ದುಬೈ ವಿಮಾನ ಹತ್ತುವಾಗ ನನ್ನ ಹತ್ತಿರ ದುಡ್ಡು ಮೂರು ರೂಪದಲ್ಲಿತ್ತು. ಮಂಗಳೂರಿನ ಹಂಪನಕಟ್ಟದಲ್ಲಿ ಕೊಂಡ ದಿರ್ಹಮ್ ನೋಟು, ಮೊದಲೇ ದಿರ್ಹಮ್ ತುಂಬಿಸಿಡುವ ಒಂದು ಫಾರೆಕ್ಸ್ ಕಾರ್ಡ್, ಮತ್ತೆ ಊರಿನ ಬ್ಯಾಂಕಿನ ಮಾಮೂಲಿ ಡೆಬಿಟ್ ಕಾರ್ಡ್. ಒಬ್ಬೊಬ್ಬರು ಒಂದೊಂದು ಹೇಳಿದ್ದರಿಂದ ಮೂರೂ ಇರಲಿ ಅಂತ ಇಟ್ಟುಕೊಂಡಿದ್ದೆ. ಈಗ ಕಟಪಾಡಿಯಲ್ಲಿರುವ ನನ್ನ ಚಿಕ್ಕಮ್ಮನ ಮಗ ಹೊರಡುತ್ತಿದ್ದಾನೆ. ಅವನಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ, ಇನ್ನೂ ನಾಲ್ಕು ಜನಕ್ಕೆ ಉಪಯೋಗವಾಗಲಿ.

ಮೊದಲು ತಿಳಿದಿರಬೇಕಾದ ವಿಷಯ: ಹೋದ ಕೂಡಲೇ ಅಲ್ಲಿ ಬ್ಯಾಂಕ್ ಅಕೌಂಟ್ ಆಗುವುದಿಲ್ಲ. ಮೆಡಿಕಲ್ ಆಗಬೇಕು, ಅಲ್ಲಿನ ಗುರುತಿನ ಚೀಟಿ ಎಮಿರೇಟ್ಸ್ ಐಡಿ ಬರಬೇಕು, ಆಮೇಲೆ ಅಕೌಂಟ್, ಆಮೇಲೆ ಸಂಬಳ. ನನಗೆ ಮೊದಲ ಸಂಬಳ ಕೈಗೆ ಬರುವಾಗ 46 ದಿನ ಆಗಿತ್ತು. ಅಷ್ಟು ದಿನ ಒಯ್ದ ದುಡ್ಡಿನಲ್ಲೇ ಬದುಕಬೇಕು. ಬೆಡ್ ಸ್ಪೇಸ್ (ಹಂಚಿಕೊಂಡ ಕೋಣೆಯಲ್ಲಿ ಒಂದು ಮಂಚದ ಜಾಗ) ಕೊಟ್ಟವರು ಬಾಡಿಗೆ, ಡೆಪಾಸಿಟ್ ಎರಡನ್ನೂ ಕ್ಯಾಶಿನಲ್ಲೇ ಕೇಳಿದರು, ಕಾರ್ಡ್ ಎಲ್ಲ ಆಗುವುದಿಲ್ಲ ಅಂದರು.

ಆಗ ದಿರ್ಹಮಿನ ಮಾರುಕಟ್ಟೆ ರೇಟು ಸುಮಾರು 22.35 ರೂಪಾಯಿ. ನೋಟು ನನಗೆ ಸಿಕ್ಕಿದ್ದು 22.90ಕ್ಕೆ, ಮೇಲೆ ಸ್ವಲ್ಪ ಜಿಎಸ್‌ಟಿ. ಮೊದಲ ಅಂಗಡಿಯವರು ಇನ್ನೂ ಜಾಸ್ತಿ ಹೇಳಿದ್ದರು, ಎರಡನೆಯವರಲ್ಲಿ ಚರ್ಚೆ ಮಾಡಿದ ಮೇಲೆ ಇಳಿಯಿತು. ಆದ್ದರಿಂದ ಒಂದೇ ಕಡೆ ಕೇಳಿ ಕೊಳ್ಳಬೇಡಿ. ಫಾರೆಕ್ಸ್ ಕಾರ್ಡಿಗೆ 22.65ರಲ್ಲಿ ತುಂಬಿಸಿಕೊಟ್ಟರು. ಕಾರ್ಡ್ ಅಂಗಡಿಯಲ್ಲಿ ಉಜ್ಜಿದರೆ ಬೇರೆ ಖರ್ಚಿಲ್ಲ, ಆದರೆ ಎಟಿಎಂನಲ್ಲಿ ತೆಗೆದರೆ ಪ್ರತಿ ಸಲ 7 ದಿರ್ಹಮ್ ಹೋಗುತ್ತಿತ್ತು. 500 ತೆಗೆದರೆ ನೋಟಿಗಿಂತ ಒಂಚೂರು ದುಬಾರಿ, 1,000 ಒಟ್ಟಿಗೆ ತೆಗೆದರೆ ಒಂಚೂರು ಅಗ್ಗ. ಪದೇ ಪದೇ 100, 200 ತೆಗೆಯುವವರಿಗೆ ಅದು ಹೇಳಿದ್ದಲ್ಲ.

ಊರಿನ ಡೆಬಿಟ್ ಕಾರ್ಡ್ ಎಲ್ಲಕ್ಕಿಂತ ದುಬಾರಿ, ಇದರಲ್ಲಿ ನನಗೆ ಅನುಮಾನವೇ ಇಲ್ಲ. ಒಮ್ಮೆ 500 ದಿರ್ಹಮ್ ತೆಗೆದೆ. ಸರಿಯಾದ ರೇಟಿಗೆ 11,175 ರೂಪಾಯಿ ಆಗಬೇಕಿತ್ತು, ಅಕೌಂಟಿನಿಂದ ಹೋದದ್ದು 11,800ರ ಮೇಲೆ. ರೇಟಿನ ಮೇಲೆ ಬ್ಯಾಂಕ್ ಸೇರಿಸುವ ಮಾರ್ಕಪ್ ನೂರಕ್ಕೆ ಮೂರೂವರೆ ರೂಪಾಯಿ, ಅದರ ಮೇಲೆ ವಿತ್‌ಡ್ರಾವಲ್ ಚಾರ್ಜು, ಎರಡರ ಮೇಲೂ ಜಿಎಸ್‌ಟಿ. ಇನ್ನೊಂದು ಇದೆ ನೋಡಿ, ಎಟಿಎಂ ಪರದೆ ಮೇಲೆ ‘ರೂಪಾಯಿಯಲ್ಲಿ ಲೆಕ್ಕ ಹಾಕಲಾ, ದಿರ್ಹಮಿನಲ್ಲಾ?’ ಅಂತ ಕೇಳುತ್ತದೆ. ರೂಪಾಯಿ ಕಂಡ ಕೂಡಲೇ ನಮ್ಮದೇ ಅಲ್ವಾ ಅಂತ ಒತ್ತಬೇಡಿ, ಆ ರೇಟು ಯಂತ್ರದವರು ಹಾಕಿದ ರೇಟು, ಇನ್ನೂ ಜಾಸ್ತಿ ಬೀಳುತ್ತದೆ. ಯಾವಾಗಲೂ ದಿರ್ಹಮ್ ಒತ್ತಿ.

ಹಾಗಂತ ಡೆಬಿಟ್ ಕಾರ್ಡ್ ಮನೆಯಲ್ಲಿ ಬಿಟ್ಟು ಹೋಗಿ ಅನ್ನುವುದಿಲ್ಲ. ತುರ್ತಿಗೆ ಬೇಕು. ಆದರೆ 2020ರಿಂದ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಹೊಸ ಕಾರ್ಡುಗಳಲ್ಲಿ ವಿದೇಶದ ಬಳಕೆ ಮೊದಲಿಗೆ ಬಂದ್ ಆಗಿರುತ್ತದೆ, ಹೊರಡುವ ಮೊದಲೇ ಆ್ಯಪಿನಲ್ಲಿ ಆನ್ ಮಾಡಿ. ನೋಟು ಒಯ್ಯಲೂ ಮಿತಿ ಇದೆ, ಒಂದು ಪ್ರಯಾಣಕ್ಕೆ 3,000 ಡಾಲರಿನಷ್ಟು ಬೆಲೆಯದು. ನಾನು ಈಗ ಹೊರಡುವುದಾದರೆ ಮೊದಲ ತಿಂಗಳ ಬಾಡಿಗೆ, ಡೆಪಾಸಿಟ್, ಓಡಾಟಕ್ಕೆ ಬೇಕಾದಷ್ಟು ನೋಟು, ಉಳಿದದ್ದು ಫಾರೆಕ್ಸ್ ಕಾರ್ಡಿನಲ್ಲಿ ಇಟ್ಟುಕೊಂಡು ಹೋಗುತ್ತೇನೆ.

ಇನ್ನು ಊರಿನ ಅಕೌಂಟಿನ ವಿಷಯ. ನನಗೆ ಬೇಸರ ಇರುವುದು ಇದರ ಬಗ್ಗೆಯೇ. ಹೊರಡುವ ಮೊದಲು ಬ್ರಾಂಚಿಗೆ ಹೋಗಿ ಕೇಳಿದೆ. ಕೌಂಟರಿನಲ್ಲಿದ್ದವರು ‘ಸೇವಿಂಗ್ಸ್ ಅಕೌಂಟ್ ಹಾಗೇ ಇರಲಿ, ಏನೂ ಆಗಲ್ಲ’ ಅಂದರು. ನಾನೂ ಸುಮ್ನೆ ಬಂದೆ. ಎಂಟು ತಿಂಗಳ ನಂತರ ಒಬ್ಬರು ಲೆಕ್ಕಪರಿಶೋಧಕರು ಹೇಳಿದ ಮೇಲೆ ಗೊತ್ತಾಯಿತು, ಕೆಲಸಕ್ಕೆ ಅಂತ ಹೊರದೇಶಕ್ಕೆ ಹೋದವರು ಮಾಮೂಲಿ ಸೇವಿಂಗ್ಸ್ ಅಕೌಂಟ್ ಹಾಗೇ ಇಟ್ಟುಕೊಳ್ಳುವಂತಿಲ್ಲ, ವಿದೇಶಿ ವಿನಿಮಯದ ಫೆಮಾ ಕಾಯ್ದೆ ಪ್ರಕಾರ ಅದನ್ನು ಎನ್‌ಆರ್‌ಒ, ಅಂದರೆ ಅನಿವಾಸಿಗಳು ಊರಿನ ಆದಾಯಕ್ಕೆ ಇಟ್ಟುಕೊಳ್ಳುವ ಅಕೌಂಟ್ ಮಾಡಿಸಬೇಕು. ದುಬೈಯಲ್ಲಿ ಕುಳಿತು ಆ ಕಾಗದಪತ್ರ ಕಳುಹಿಸಿ, ಮತ್ತೆ ಮತ್ತೆ ತಿರಸ್ಕಾರವಾಗಿ, ಕೊನೆಗೆ ರಜೆಯಲ್ಲಿ ಬಂದಾಗಲೇ ಕೆಲಸ ಮುಗಿದದ್ದು. ಇದನ್ನು ಊರಲ್ಲಿರುವಾಗಲೇ ವಿಚಾರಿಸಿ, ಫಾರ್ಮ್ ತೆಗೆದಿಟ್ಟುಕೊಳ್ಳಿ.

ಎನ್‌ಆರ್‌ಇ ಒಳ್ಳೆಯದಾ, ಎನ್‌ಆರ್‌ಒ ಒಳ್ಳೆಯದಾ ಅಂತ ತುಂಬಾ ಜನ ಕೇಳುತ್ತಾರೆ. ದುಡ್ಡು ಎಲ್ಲಿಂದ ಬಂತು ಅನ್ನುವುದರ ಮೇಲೆ ಅದು ನಿಂತಿದೆ. ಎನ್‌ಆರ್‌ಇ ಅಂದರೆ ಅನಿವಾಸಿಗಳು ಹೊರದೇಶದಲ್ಲಿ ದುಡಿದದ್ದನ್ನು ರೂಪಾಯಿಯಲ್ಲಿ ಇಡುವ ಅಕೌಂಟ್, ದುಬೈ ಸಂಬಳ ಅದಕ್ಕೆ. ಅದರ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ, ಬೇಕಾದಾಗ ಪೂರ್ತಿ ದುಡ್ಡು ಹೊರಗೆ ಒಯ್ಯಬಹುದು. ನನಗೆ ಊರಲ್ಲಿ ಒಂದು ಸಣ್ಣ ಅಂಗಡಿ ಕೋಣೆಯ ಬಾಡಿಗೆ ಬರುತ್ತದೆ, ಅಂಥದ್ದು ಸಾಮಾನ್ಯವಾಗಿ ಎನ್‌ಆರ್‌ಒಗೇ ಹೋಗುತ್ತದೆ, ತೆರಿಗೆ ಕಟ್ಟಿದ್ದು ಬ್ಯಾಂಕಿಗೆ ಖಾತ್ರಿಯಾದರೆ ಮಾತ್ರ ಎನ್‌ಆರ್‌ಇಗೆ ಹಾಕಬಹುದು. ಎನ್‌ಆರ್‌ಒ ಬಡ್ಡಿಯಲ್ಲಿ ಮೊದಲ ರೂಪಾಯಿಯಿಂದಲೇ ನೂರಕ್ಕೆ 30, ಮೇಲೆ ಸೆಸ್ ಸೇರಿ 31.2 ಹಿಡಿಯುತ್ತಾರೆ. ಒಟ್ಟು ಆದಾಯ ಕಡಿಮೆ ಇದ್ದರೆ ರಿಟರ್ನ್ ಹಾಕಿ ವಾಪಸ್ ಪಡೆಯಬಹುದು, ನನಗೆ ಬಂದಿದೆ. ಎನ್‌ಆರ್‌ಇಯಿಂದ ಎನ್‌ಆರ್‌ಒಗೆ ಸುಲಭವಾಗಿ ವರ್ಗಾಯಿಸಬಹುದು, ಆ ಕಡೆಯಿಂದ ಈ ಕಡೆಗೆ ಬರಬೇಕಾದರೆ ತೆರಿಗೆಯ ಕಾಗದ, ಸರ್ಟಿಫಿಕೇಟ್ ಅಂತ ಓಡಾಟ ಇದೆ. ಆದ್ದರಿಂದ ಎರಡೂ ತೆರೆಯಿರಿ, ಆದರೆ ದೊಡ್ಡ ಮೊತ್ತ ಎನ್‌ಆರ್‌ಇಯಲ್ಲೇ ಇಡಿ.

ನಮ್ಮ ಉಡುಪಿ, ಮಂಗಳೂರಿನವರಿಗೆ ಮಾತ್ರ ಒಂದು ಮಾತು. ನಮ್ಮ ಎಷ್ಟೋ ಮನೆಗಳಲ್ಲಿ ಹಳೆ ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ ಬ್ಯಾಂಕಿನ ಪಾಸ್‌ಬುಕ್ ಇನ್ನೂ ಕಪಾಟಿನಲ್ಲಿದೆ. ವಿಜಯಾ 2019ರಲ್ಲಿ ಬ್ಯಾಂಕ್ ಆಫ್ ಬರೋಡಾ ಸೇರಿತು. 2020ರಲ್ಲಿ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ ಸೇರಿತು. ಪಾಸ್‌ಬುಕ್ಕಿನಲ್ಲಿರುವ ಹಳೆ ಐಎಫ್‌ಎಸ್‌ಸಿ ಕೋಡ್ ಈಗ ನಡೆಯುವುದಿಲ್ಲ. ನಾನು ಮೊದಲ ಸಲ ಅಮ್ಮನಿಗೆ ಕಳುಹಿಸಿದ ದುಡ್ಡು ಇದೇ ಕಾರಣಕ್ಕೆ ಐದು ದಿನ ಎಲ್ಲೋ ಸಿಕ್ಕಿಕೊಂಡು ವಾಪಸ್ ಬಂತು. ಹೊಸ ಪಾಸ್‌ಬುಕ್ ಮಾಡಿಸಿ, ಅದರ ಫೋಟೋ ಫೋನಿನಲ್ಲಿಟ್ಟುಕೊಳ್ಳಿ.

ಊರಿಗೆ ಕಳುಹಿಸುವ ದಾರಿ ಎರಡು, ಎಕ್ಸ್‌ಚೇಂಜಿನ (ಹಣ ಬದಲಿಸಿ ಕಳುಹಿಸುವ ಅಂಗಡಿಯ) ಕೌಂಟರ್ ಮತ್ತು ಅಲ್ಲಿನ ಬ್ಯಾಂಕಿನ ಆ್ಯಪ್. ನವೆಂಬರಿನಲ್ಲಿ ಒಂದೇ ದಿನ ಎರಡನ್ನೂ ನೋಡಿದೆ. ಎಕ್ಸ್‌ಚೇಂಜಿನಲ್ಲಿ ರೇಟು 22.62, ಫೀಸು 22 ದಿರ್ಹಮ್. ಆ್ಯಪಿನಲ್ಲಿ ಫೀಸು ಇಲ್ಲ, ರೇಟು 22.46. ಫೀಸು ಇಲ್ಲ ಅಂತ ದೊಡ್ಡದಾಗಿ ಬರೆದಿರುತ್ತದೆ, ಆದರೆ ಅವರ ಲಾಭ ರೇಟಿನೊಳಗೆ ಇದೆ. ಲೆಕ್ಕ ಹಾಕಿದೆ. ಕೈಯಿಂದ 1,022 ದಿರ್ಹಮ್ ಹೋದರೆ ಕೌಂಟರಿನಿಂದ ಊರಿಗೆ 22,620, ಆ್ಯಪಿನಿಂದ 22,950ರ ಮೇಲೆ. ಅದೇ 5,022 ಹೋದರೆ ಕೌಂಟರಿನಿಂದ 1,13,100, ಆ್ಯಪಿನಿಂದ 1,12,800 ಕೂಡ ಇಲ್ಲ. ಸುಮಾರು 3,000 ದಿರ್ಹಮಿನ ಹತ್ತಿರ ಎರಡೂ ಸಮ. ಸಣ್ಣ ಮೊತ್ತಕ್ಕೆ ಆ್ಯಪ್, ದೊಡ್ಡದಕ್ಕೆ ಕೌಂಟರ್. ಇಲ್ಲಿನ ಅಂಕಿ ನನ್ನ ಆ ದಿನದ್ದು, ನಿಮ್ಮದು ಬೇರೆ ಇರುತ್ತದೆ. ಆದರೆ ‘ನನ್ನ ಕೈಯಿಂದ ಇಷ್ಟು ಹೋದರೆ ಊರಲ್ಲಿ ಎಷ್ಟು ರೂಪಾಯಿ ಬೀಳುತ್ತದೆ’ ಅಂತ ಮಾತ್ರ ಕೇಳಿ, ಬೇರೆ ಏನೂ ಕೇಳಬೇಡಿ.

ರಜೆಯಲ್ಲಿ ಊರಿಗೆ ಬಂದಾಗ ಒಮ್ಮೆ ದುಬೈ ಕಾರ್ಡಿನಿಂದಲೇ ಉಡುಪಿ ಎಟಿಎಂನಲ್ಲಿ 10,000 ರೂಪಾಯಿ ತೆಗೆದೆ. 440 ದಿರ್ಹಮ್ ಆಗಬೇಕಾದಲ್ಲಿ 475 ಹೋಯಿತು. ಅದೇ ಎನ್‌ಆರ್‌ಇ ಡೆಬಿಟ್ ಕಾರ್ಡಿನಲ್ಲಿ ನನ್ನದೇ ಬ್ಯಾಂಕಿನ ಎಟಿಎಂನಲ್ಲಿ ತೆಗೆದಾಗ ಒಂದು ಪೈಸೆ ಹೋಗಲಿಲ್ಲ. ಉಚಿತ ಮಿತಿ ಮುಗಿದರೆ ಮಾತ್ರ ಚಾರ್ಜು, 2025ರ ಮೇ ತಿಂಗಳಿಂದ ಅದು ಒಂದು ಸಲಕ್ಕೆ 23 ರೂಪಾಯಿವರೆಗೆ. ಇನ್ನು ಕ್ಯಾಶಿನ ಅಗತ್ಯವೇ ಕಡಿಮೆ. ಯುಎಇ ಸೇರಿ ಹಲವು ದೇಶಗಳ ಫೋನ್ ನಂಬರಿನಲ್ಲಿ ಎನ್‌ಆರ್‌ಇ ಅಕೌಂಟಿಗೆ ಯುಪಿಐ ಜೋಡಿಸಲು 2023ರಿಂದ ಅವಕಾಶ ಇದೆ. ನಿಮ್ಮ ಬ್ಯಾಂಕ್ ಕೊಡುತ್ತದಾ ಅಂತ ಕೇಳಿ. ನಾನು ಮಲ್ಪೆಯಲ್ಲಿ ಬಂಗುಡೆ ತೆಗೆದುಕೊಂಡು ದುಬೈ ನಂಬರಿನಿಂದಲೇ ದುಡ್ಡು ಕೊಟ್ಟೆ.

ಕೊನೆಗೆ ಅಮ್ಮನ ವಿಷಯ. ಮೊದಲು ನಾನು ನನ್ನ ಎನ್‌ಆರ್‌ಇಗೇ ಹಾಕುತ್ತಿದ್ದೆ, ಅಮ್ಮ ಬೇಕಾದಾಗ ತೆಗೆಯಲಿ ಅಂತ ಅವರನ್ನು ಜಂಟಿ ಹೆಸರಿಗೆ ಸೇರಿಸಿದ್ದೆ. ಒಂದು ದಿನ ಅಮ್ಮ ಬ್ಯಾಂಕಿನಿಂದಲೇ ಫೋನ್ ಮಾಡಿದರು. ‘ಮಗಾ, ದುಡ್ಡು ಬಂದಿದೆ ಅಂತ ನೀನು ಹೇಳ್ತೀ, ಇಲ್ಲಿ ಕೊಡುದಿಲ್ಲ ಅಂತಾರೆ, ಎಂತ ಮಾಡುದು?’ ಊರಲ್ಲಿರುವ ಸಂಬಂಧಿಕರನ್ನು ಎನ್‌ಆರ್‌ಇಗೆ ಸೇರಿಸಿದರೆ ಅದು ‘ಫಾರ್ಮರ್ ಆರ್ ಸರ್ವೈವರ್’ ಕ್ರಮದಲ್ಲಿ ಮಾತ್ರ. ನಾನು ಇರುವವರೆಗೆ ಅವರು ಜಂಟಿ ಹೆಸರಿನ ಬಲದಲ್ಲಿ ತೆಗೆಯುವಂತಿಲ್ಲ, ಪವರ್ ಆಫ್ ಅಟಾರ್ನಿ ಅಥವಾ ಮ್ಯಾಂಡೇಟ್ (ನನ್ನ ಪರವಾಗಿ ಅಕೌಂಟ್ ನಡೆಸಲು ಬ್ಯಾಂಕಿಗೆ ಬರೆದುಕೊಡುವ ಅನುಮತಿ) ಬೇಕು. ಮ್ಯಾಂಡೇಟ್ ಮಾಡಿಸಿಕೊಟ್ಟೆ. ಅದು ನಡೆಯುತ್ತದೆ, ಆದರೆ ಅರವತ್ತೆಂಟು ವರ್ಷದ ಅಮ್ಮನಿಗೆ ಪ್ರತಿ ಸಲ ಬ್ರಾಂಚಿನಲ್ಲಿ ಹೊಸ ಸಿಬ್ಬಂದಿಗೆ ವಿವರಿಸುವ ಕೆಲಸ. ಈಗ ಮನೆಖರ್ಚಿನ ದುಡ್ಡನ್ನು ನೇರವಾಗಿ ಅವರದೇ ಸೇವಿಂಗ್ಸ್ ಅಕೌಂಟಿಗೆ ಕಳುಹಿಸುತ್ತೇನೆ. ಮಗ ಅಮ್ಮನಿಗೆ ಕೊಟ್ಟ ದುಡ್ಡಿಗೆ ಅವರು ತೆರಿಗೆ ಕಟ್ಟಬೇಕಾಗಿಲ್ಲ. ಅವರು ಪಾಸ್‌ಬುಕ್ ಹಿಡಿದು ಹೋಗುತ್ತಾರೆ, ಸ್ಲಿಪ್ ಬರೆದು ತೆಗೆದುಕೊಂಡು ಬರುತ್ತಾರೆ, ಯಾರನ್ನೂ ಕೇಳಬೇಕಾಗಿಲ್ಲ. ಮ್ಯಾಂಡೇಟ್ ಆಸ್ಪತ್ರೆಯಂಥ ತುರ್ತಿಗೆ ಅಂತ ಹಾಗೇ ಇಟ್ಟಿದ್ದೇನೆ.