ಸಂಭವನೀಯತೆ ಕಿಟ್: ಎರಡು ಬ್ಯಾಚ್ ಮಕ್ಕಳು ಬಳಸಿದ ಮೇಲೆ

ಹನುಮಂತನಗರದಲ್ಲಿ ಮನೆಯಲ್ಲೇ ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳಿಗೆ ಗಣಿತದ ಟ್ಯೂಷನ್ ಮಾಡುತ್ತೇನೆ. ಈ ಕಿಟ್ ಸಿಕ್ಕಿದ್ದು ಅವೆನ್ಯೂ ರೋಡಿನಲ್ಲಿ. ಒಂದು ಕೆಂಪು ದಾಳ, ಒಂದು ನೀಲಿ ದಾಳ, 36 ಗುಳಿಗಳ ತಟ್ಟೆ, ಬಣ್ಣದ ಮಣಿಗಳು, ಬಟ್ಟೆಚೀಲ, ಪ್ರಶ್ನೆಗಳ ಕಾರ್ಡು ಇವೆ. ಎರಡು ಬ್ಯಾಚ್ ಮಕ್ಕಳು ಬಳಸಿಯಾಗಿದೆ. ಹಾಗಾಗಿ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಕೊಟ್ಟ ದುಡ್ಡು ಆ ತಟ್ಟೆಯೊಂದಕ್ಕೇ ಸರಿಹೋಯಿತು. ಸಂಭವನೀಯತೆಯ ಸೂತ್ರ (ನಮಗೆ ಬೇಕಾದ ಫಲಿತಾಂಶಗಳ ಸಂಖ್ಯೆ ಗೆರೆಯ ಮೇಲೆ, ಒಟ್ಟು ಫಲಿತಾಂಶಗಳ ಸಂಖ್ಯೆ ಕೆಳಗೆ) ಎಲ್ಲ ಮಕ್ಕಳಿಗೂ ಬಾಯಿಪಾಠ. ಭಾಗಾಕಾರವೂ ಬರುತ್ತದೆ. ಮೇಲೆ ಯಾವ ಸಂಖ್ಯೆ, ಕೆಳಗೆ ಯಾವ ಸಂಖ್ಯೆ ಅಂತ ಎಣಿಸುವಲ್ಲೇ ತಡವರಿಸುತ್ತಾರೆ. “ಎರಡು ದಾಳದ ಮೊತ್ತ 2ರಿಂದ 12ರವರೆಗೆ ಬರಬಹುದು. ಒಟ್ಟು 11 ಫಲಿತಾಂಶ. ಹಾಗಾದರೆ 7 ಬರೋದು 1/11 ಅಲ್ವಾ ಮಿಸ್?” ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಹತ್ತನೇ ತರಗತಿಯ ಪುಸ್ತಕದಲ್ಲೂ ಇದೇ ವಾದ ಸರಿಯೇ ಅಂತ ಕೇಳುವ ಒಂದು ಪ್ರಶ್ನೆ ಇದೆ.

ಆಗ ತಟ್ಟೆ ಮುಂದಿಡುತ್ತೇನೆ. ಅಡ್ಡಸಾಲು ಕೆಂಪು ದಾಳಕ್ಕೆ, ಕಂಬಸಾಲು ನೀಲಿಗೆ. ಮೊತ್ತ 7 ಬರುವ ಕಡೆಯೆಲ್ಲ ಮಣಿ ಇಡು ಅನ್ನುತ್ತೇನೆ. ಹುಡುಗ ಕೆಂಪು 3, ನೀಲಿ 4ರ ಗುಳಿಗೆ ಒಂದು ಮಣಿ ಇಟ್ಟು ಮುಂದೆ ಹೋಗುತ್ತಾನೆ. ಸ್ವಲ್ಪ ಹೊತ್ತಿಗೆ ಕೆಂಪು 4, ನೀಲಿ 3ರ ಗುಳಿ ಖಾಲಿ ಇರುವುದು ಕಣ್ಣಿಗೆ ಬೀಳುತ್ತದೆ. ಅಲ್ಲಿಗೂ ಒಂದು ಮಣಿ. ಕೊನೆಗೆ ಮೂಲೆಯಿಂದ ಮೂಲೆಗೆ ಆರು ಮಣಿಗಳ ಓರೆಸಾಲು ನಿಲ್ಲುತ್ತದೆ. ಮೊತ್ತ 2ಕ್ಕೆ ಮೂಲೆಯ ಗುಳಿ ಒಂದೇ. 6/36, 1/36 ಅಂತ ಅವನೇ ಹೇಳುತ್ತಾನೆ. ದಾಳಗಳ ಬಣ್ಣ ಬೇರೆಬೇರೆ ಮಾಡಿರುವುದು ತುಂಬಾ ಒಳ್ಳೆಯ ಕೆಲಸ. ಎರಡೂ ಬಿಳಿಯಾಗಿದ್ದರೆ ಇಷ್ಟು ಬೇಗ ತಿಳಿಯುತ್ತಿರಲಿಲ್ಲ.

ಇಷ್ಟಾದ ಮೇಲೆ ಮೂರು ದಾಳದ ಲೆಕ್ಕ ಬೋರ್ಡಿನ ಮೇಲೆ ಮಾಡಿಸುತ್ತೇನೆ. ಮೊತ್ತ 9ಕ್ಕೂ 10ಕ್ಕೂ ಆರಾರು ಜೋಡಣೆಗಳಿವೆ. ಆದರೂ ಆಡುವವರಿಗೆ 10 ಜಾಸ್ತಿ ಬೀಳುತ್ತಿತ್ತಂತೆ. ಇದನ್ನು ಬಿಡಿಸಿದವನು ಗೆಲಿಲಿಯೊ. 1-2-6 ಆರು ರೀತಿ ಬೀಳಬಹುದು, 2-2-5 ಮೂರು ರೀತಿ, 3-3-3 ಒಂದೇ ರೀತಿ. ಹೀಗೆ ಎಣಿಸಿದರೆ ಒಟ್ಟು 6 × 6 × 6, ಅಂದರೆ 216ರಲ್ಲಿ 9ಕ್ಕೆ 25, 10ಕ್ಕೆ 27. ತಟ್ಟೆ ಬಳಸಿದ ಮಕ್ಕಳು ಇದನ್ನು ತಾವೇ ಎಣಿಸುತ್ತಾರೆ. ಅದನ್ನು ನೋಡುವುದೇ ನನಗೆ ದೊಡ್ಡ ಖುಷಿ.

ಚೀಲ, ಮಣಿ “ಕನಿಷ್ಠ ಒಂದು” ಅನ್ನುವ ಲೆಕ್ಕಗಳಿಗೆ ಚೆನ್ನಾಗಿವೆ. ಮೂರು ಕೆಂಪು, ಎರಡು ನೀಲಿ ಹಾಕಿ, ಎರಡು ಮಣಿ ತೆಗೆಯಿರಿ. ಕನಿಷ್ಠ ಒಂದು ಕೆಂಪು ಬರುವ ಸಂಭವನೀಯತೆ ಎಷ್ಟು? ಎರಡೂ ನೀಲಿ ಬರುವುದನ್ನು ಲೆಕ್ಕಹಾಕಿ 1ರಿಂದ ಕಳೆದರೆ ಮುಗಿಯಿತು. ಮೊದಲ ಮಣಿ ವಾಪಸ್ ಹಾಕದಿದ್ದರೆ 2/5 × 1/4, ಅಂದರೆ 1/10. ಉತ್ತರ 9/10. ವಾಪಸ್ ಹಾಕಿದರೆ 21/25. ಮಣಿ ಕೈಯಲ್ಲೇ ಇರುವಾಗ ಛೇದ 5ರಿಂದ 4ಕ್ಕೆ ಯಾಕೆ ಇಳಿಯಿತು ಅಂತ ಯಾರೂ ಕೇಳುವುದಿಲ್ಲ.

ಈಗ ದೂರುಗಳು. ಚೀಲದ ಬಟ್ಟೆ ತೆಳು, ಬೆಳಕಿಗೆ ಹಿಡಿದರೆ ಮಣಿಯ ಬಣ್ಣ ಕಾಣುತ್ತದೆ. ನಾನು ದಪ್ಪ ಕಾಟನ್ ಚೀಲ ಹೊಲಿಸಿಕೊಂಡೆ. ಕೆಂಪು ದಾಳದ ಚುಕ್ಕಿಗಳು ಅಳಿಸಿಹೋಗಿ ಮಾರ್ಕರ್‌ನಲ್ಲಿ ತಿದ್ದಬೇಕಾಯಿತು. ಇದಕ್ಕಿಂತ ಬೇಸರದ ವಿಷಯ ಉತ್ತರದ ಪುಸ್ತಕ. ಅದರಲ್ಲಿ ಬರೀ ಕೊನೆಯ ಉತ್ತರ ಇದೆ, ಫಲಿತಗಣ, ಅಂದರೆ ಬರಬಹುದಾದ ಎಲ್ಲ ಫಲಿತಾಂಶಗಳ ಪಟ್ಟಿ, ಬರೆದು ತೋರಿಸಿಲ್ಲ. ಮನೆಯಲ್ಲಿ ಒಬ್ಬರೇ ಕಲಿಯುವ ಮಕ್ಕಳಿಗೆ ಬೇಕಾಗಿದ್ದು ಅದೇ ಅಲ್ವಾ?

ಎಲ್ಲ ಫಲಿತಾಂಶಗಳೂ ಸಮಸಂಭವ, ಅಂದರೆ ಬೀಳುವ ಸಾಧ್ಯತೆ ಎಲ್ಲಕ್ಕೂ ಒಂದೇ, ಅಂತ ಕಾರ್ಡುಗಳು ಸುಮ್ನೆ ಹಿಡಿದುಬಿಡುತ್ತವೆ. ಇದನ್ನು ಪ್ರಶ್ನಿಸುವುದಕ್ಕೆ ನಾನು ಚೌಕಾಬಾರದ ಕವಡೆ ಸೇರಿಸಿಕೊಂಡಿದ್ದೇನೆ. ನಾಲ್ಕು ನಾಣ್ಯವಾದರೆ ನಾಲ್ಕೂ ಒಂದೇ ಮುಖ ಬೀಳುವುದು 2/16. ಕವಡೆಯ ಬೆನ್ನು ಉಬ್ಬು, ಬಾಯಿಯ ಕಡೆ ಚಪ್ಪಟೆ. ಅಲ್ಲಿ ಅರ್ಧ-ಅರ್ಧ ಅಂತ ಹಿಡಿಯುವ ಹಾಗಿಲ್ಲ. ಹಾಕಿ, ಬರೆದುಕೊಂಡು, ಎಣಿಸಿಯೇ ಅಂದಾಜು ಮಾಡಬೇಕು.

ಎಸ್ಸೆಸ್ಸೆಲ್ಸಿ, ಮೊದಲ ಪಿಯುಸಿ ಮಕ್ಕಳಿಗೆ ಕಣ್ಣುಮುಚ್ಚಿ ತೆಗೆದುಕೊಳ್ಳಿ. ದ್ವಿತೀಯ ಪಿಯುಸಿಯ ಬೇಯ್ಸ್ ಪ್ರಮೇಯಕ್ಕೆ (ಬಂದ ಮಣಿ ನೋಡಿ, ಅದು ಯಾವ ಚೀಲದಿಂದ ಬಂದಿರಬಹುದು ಅನ್ನುವ ಥರದ ಲೆಕ್ಕ) ಇದರಲ್ಲಿ ಒಂದು ಕಾರ್ಡೂ ಇಲ್ಲ. ಅದಕ್ಕೆ ಎರಡು ಚೀಲ ಇಟ್ಟುಕೊಂಡು, ಒಂದೊಂದು ಸಾಧ್ಯತೆಗೂ ಒಂದೊಂದು ಕೊಂಬೆ ಎಳೆಯುವ ಮರದ ಚಿತ್ರ ಬರೆದು ನೀವೇ ಮಾಡಿಸಬೇಕು.