ಕೈ ತೂರದ ಜಾಗದ ಬೋಲ್ಟುಗಳಿಗೆ ಫ್ಲೆಕ್ಸ್ ಹೆಡ್ ರ‍್ಯಾಚೆಟ್ ಸೆಟ್: ಮೂರು ವರ್ಷ ಬಳಸಿದ ಮೇಲೆ

ನನ್ನ ಕಾರಿನ ಸೂಪರ್‌ಚಾರ್ಜರ್‌ನ (ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಪಂಪ್) ಹಿಂದಿನ ಬ್ರಾಕೆಟ್‌ಗೆ ನಾಲ್ಕು ಬೋಲ್ಟು. ಮೂರನ್ನು ಹಾಕಲು ಹತ್ತು ನಿಮಿಷ ಸಾಕಾಯಿತು. ನಾಲ್ಕನೆಯದಕ್ಕೆ ಇಡೀ ಭಾನುವಾರ ಹೋಯಿತು. ಬೋಲ್ಟಿನ ತಲೆ ಬೆರಳ ತುದಿಗೆ ಸಿಗುತ್ತಿತ್ತು, ಆದರೆ ಅದರ ಮೇಲೆ ಸ್ಪ್ಯಾನರ್ ಕೂರುತ್ತಿರಲಿಲ್ಲ. ಹಿಂದೆ ಫೈರ್‌ವಾಲ್ (ಎಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿನ ಗೋಡೆ), ಮೇಲೆ ಇನ್‌ಟೇಕ್ ಮ್ಯಾನಿಫೋಲ್ಡ್ (ಎಂಜಿನ್‌ಗೆ ಗಾಳಿ ಹಂಚುವ ಕೊಳವೆ), ಪಕ್ಕದಲ್ಲಿ ಹೀಟರ್ ಹೋಸ್. ಸ್ಪ್ಯಾನರ್ ಕೂತರೂ ತಿರುಗಿಸಲು ಜಾಗ ಇಲ್ಲ. ಸಂಜೆ ಹೊತ್ತಿಗೆ ಮೊಣಕೈ ತರಚಿತ್ತು, ಬೋಲ್ಟು ಇದ್ದಲ್ಲೇ ಇತ್ತು. ಮರುದಿನವೇ ಈ ಸೆಟ್ ತಗೊಂಡೆ.

ಸೆಟ್‌ನಲ್ಲಿ ಇರುವುದು ಇಷ್ಟು: 3/8 ಇಂಚಿನ ಚೌಕದ, 90 ಹಲ್ಲಿನ, ಕತ್ತು ಬಾಗುವ ಫ್ಲೆಕ್ಸ್ ಹೆಡ್ ರ‍್ಯಾಚೆಟ್ ಒಂದು, 75 ಮತ್ತು 150 ಮಿಲಿಮೀಟರ್ ಉದ್ದದ ಎರಡು ವಾಬಲ್ ಎಕ್ಸ್‌ಟೆನ್ಷನ್ (ತುದಿಯಲ್ಲಿ ಸಾಕೆಟ್ ಸ್ವಲ್ಪ ವಾಲುವ ಕಡ್ಡಿ), ಒಂದು ಯೂನಿವರ್ಸಲ್ ಜಾಯಿಂಟ್ (ಎತ್ತ ಬೇಕಾದರೂ ಬಾಗುವ ಕೀಲು), 8ರಿಂದ 19 ಮಿಲಿಮೀಟರ್‌ವರೆಗೆ ಆರು ಮೂಲೆಯ ಸಾಕೆಟ್‌ಗಳು. ಕಾರಿನದು 1.8 ಲೀಟರ್ ಎಂಜಿನ್. ಮೇಲೆ ಕೂರಿಸಿದ ಸೂಪರ್‌ಚಾರ್ಜರ್ ಈಟನ್ ಎಂ62. ಆ 62 ಅಂದರೆ ಒಂದು ಸುತ್ತಿಗೆ 62 ಕ್ಯೂಬಿಕ್ ಇಂಚು ಗಾಳಿ, ಹೆಚ್ಚುಕಮ್ಮಿ ಒಂದು ಲೀಟರ್.

ಮೊದಲು ಹಲ್ಲಿನ ವಿಷಯ ಹೇಳಿಬಿಡುತ್ತೇನೆ. ತಗೊಳ್ಳುವ ಮುಂಚೆ ಜಾಸ್ತಿ ಜನ ಇದನ್ನು ನೋಡುವುದೇ ಇಲ್ಲ. ನನ್ನ ಹಳೇ ರ‍್ಯಾಚೆಟ್‌ಗೆ 36 ಹಲ್ಲು. ಅದು ಒಂದು ಸಲ ಕಟ್ ಅನ್ನಬೇಕಾದರೆ ಹಿಡಿ 10 ಡಿಗ್ರಿ ಹಿಂದೆ ಹೋಗಬೇಕು. 20 ಸೆಂಟಿಮೀಟರ್ ಉದ್ದದ ಹಿಡಿಗೆ ಅದು ತುದಿಯಲ್ಲಿ ಮೂರೂವರೆ ಸೆಂಟಿಮೀಟರ್. ನನಗೆ ಸಿಕ್ಕಿದ್ದ ಜಾಗ ಎರಡು ಬೆರಳಿನಷ್ಟೂ ಇರಲಿಲ್ಲ. 90 ಹಲ್ಲಿಗೆ 4 ಡಿಗ್ರಿ ಸಾಕು, ಅಂದರೆ ತುದಿಯಲ್ಲಿ ಒಂದೂವರೆ ಸೆಂಟಿಮೀಟರಿಗೂ ಕಡಿಮೆ. ಅಷ್ಟೇ ವ್ಯತ್ಯಾಸ, ಆದರೆ ಆ ಮೂಲೆಯಲ್ಲಿ ಬೋಲ್ಟು ತಿರುಗುತ್ತದೋ ಇಲ್ಲವೋ ಅನ್ನುವುದನ್ನು ತೀರ್ಮಾನಿಸುವುದು ಅದೇ.

ಆದರೆ ಒಂದೊಂದೇ ಕಟ್‌ನಲ್ಲಿ ಬೋಲ್ಟನ್ನು ಪೂರ್ತಿ ಇಳಿಸುತ್ತೇನೆ ಅಂತ ಹೊರಡಬೇಡಿ. ಸಾಮಾನ್ಯ ಎಂ8 ಬೋಲ್ಟು (8 ಮಿಲಿಮೀಟರ್ ದಪ್ಪದ್ದು) ಒಂದು ಸುತ್ತಿಗೆ ಇಳಿಯುವುದು 1.25 ಮಿಲಿಮೀಟರ್ ಮಾತ್ರ. ಅಷ್ಟಕ್ಕೆ 90 ಕಟ್. ಅದಕ್ಕೇ ಥ್ರೆಡ್ ಹಿಡಿಸುವ ಕೆಲಸ ಯಾವಾಗಲೂ ಬೆರಳಿಂದ. ಬೆರಳಿಗೆ ಸುಲಭವಾಗಿ ತಿರುಗುತ್ತಿದ್ದರೆ ಥ್ರೆಡ್ ನೇರವಾಗಿ ಕೂತಿದೆ ಅಂತ ಅರ್ಥ. ತಡೆಯುತ್ತಿದ್ದರೆ ಬಿಚ್ಚಿ ಮತ್ತೆ ಹಿಡಿಸಿ. ಅಲ್ಯೂಮಿನಿಯಂ ಹೆಡ್‌ನಲ್ಲಿ ಥ್ರೆಡ್ ಒಮ್ಮೆ ಕೆಟ್ಟರೆ ಆಮೇಲೆ ಎಷ್ಟು ಕೆಲಸ ಅಂತ ಮಾಡಿದವರಿಗೇ ಗೊತ್ತು.

ಬೆರಳಿನಲ್ಲಿ ಹಿಡಿಯಲು ಆಗದ ಕಡೆ ಸಾಕೆಟ್ ಒಳಗೆ ಮಾಸ್ಕಿಂಗ್ ಟೇಪಿನ ಸಣ್ಣ ಚೂರು ಇಟ್ಟು ಬೋಲ್ಟಿನ ತಲೆ ಒತ್ತುತ್ತೇನೆ. ತಲೆಕೆಳಗೆ ಮಾಡಿದರೂ ಬೀಳುವುದಿಲ್ಲ. ಆಮೇಲೆ ಎಕ್ಸ್‌ಟೆನ್ಷನ್ ಅನ್ನೇ ಎರಡು ಬೆರಳಲ್ಲಿ ಹಿಡಿದು ನಿಧಾನಕ್ಕೆ ಸುತ್ತುತ್ತೇನೆ. ರ‍್ಯಾಚೆಟ್ ಬರುವುದು ಕೊನೆಗೆ. ಬೋಲ್ಟು ಇನ್ನೂ ಸಡಿಲ ಇದ್ದಾಗ ರ‍್ಯಾಚೆಟ್ ಹಾಕಿದರೆ, ಹಿಡಿ ಹಿಂದೆ ತಂದಾಗ ಬೋಲ್ಟು ಕೂಡ ಹಿಂದೆ ಬರುತ್ತದೆ. ಸಾಕೆಟ್ ಮೇಲೆ ಒಂದು ಬೆರಳು ಒತ್ತಿಟ್ಟುಕೊಂಡರೆ ಆ ತೊಂದರೆ ಇಲ್ಲ.

ಇನ್ನೊಂದು, ಫೈರ್‌ವಾಲ್ ಪಕ್ಕದ ಉದ್ದ ಬೋಲ್ಟುಗಳು. ಸೂಪರ್‌ಚಾರ್ಜರ್ ಕೂರಿಸಿದ ಮೇಲೆ ಅವು ತೂತಿಗೆ ಇಳಿಯುವುದೇ ಇಲ್ಲ, ಮೇಲಿಂದ ತರಲು ಎತ್ತರ ಸಾಲುವುದಿಲ್ಲ. ಕೆಳಗೆ ಇಳಿಸುವ ಮುಂಚೆಯೇ ಅವನ್ನು ತೂತಿನಲ್ಲಿ ಹಾಕಿ, ಮೇಲಕ್ಕೆ ಎಳೆದು ರಬ್ಬರ್ ಬ್ಯಾಂಡ್ ಕಟ್ಟಿ. ಕೂತ ಮೇಲೆ ಕತ್ತರಿಸಿದರೆ ಬೋಲ್ಟು ತಾನೇ ಇಳಿಯುತ್ತದೆ. ಇನ್‌ಟೇಕ್ ಪೋರ್ಟ್‌ಗಳಿಗೆ ಬಟ್ಟೆ ತುರುಕಿದ್ದರೆ ಎಣಿಸಿ ಬರೆದಿಡಿ, ಮುಚ್ಚುವ ಮುಂಚೆ ಅಷ್ಟೂ ಹೊರಗೆ ಬರಬೇಕು.

ಈಗ ವಾಬಲ್ ಎಕ್ಸ್‌ಟೆನ್ಷನ್‌ಗೆ ಬರೋಣ. ಈ ಸೆಟ್‌ನಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ. ತುದಿಯ ಚೌಕದ ಬುಡವನ್ನು ಸ್ವಲ್ಪ ಸವೆಸಿ ಮಾಡಿರುತ್ತಾರೆ. ಸಾಕೆಟ್ ಅರ್ಧ ಹಾಕಿದರೆ ಸುಮಾರು 15 ಡಿಗ್ರಿ ವಾಲುತ್ತದೆ, ಪೂರ್ತಿ ಒತ್ತಿದರೆ ನೇರ ಎಕ್ಸ್‌ಟೆನ್ಷನ್ ತರ ಗಟ್ಟಿ ನಿಲ್ಲುತ್ತದೆ. 15 ಡಿಗ್ರಿ ಕೇಳಲು ಕಡಿಮೆ. ಆದರೆ 150 ಮಿಲಿಮೀಟರ್ ಆಚೆ ಅದು ಹೆಚ್ಚುಕಮ್ಮಿ ನಾಲ್ಕು ಸೆಂಟಿಮೀಟರ್ ಪಕ್ಕಕ್ಕೆ ಸರಿಸಿಕೊಡುತ್ತದೆ. ಒಂದು ಹೋಸ್ ದಾಟಲು ಅಷ್ಟು ಸಾಕು.

ಯೂನಿವರ್ಸಲ್ ಜಾಯಿಂಟ್ ಬಗ್ಗೆ ಅಷ್ಟು ಒಳ್ಳೆ ಮಾತು ಹೇಳಲಾರೆ. ಬಿಟ್ಟರೆ ಜೋತು ಬೀಳುತ್ತದೆ, ಕತ್ತಲಲ್ಲಿ ಬೋಲ್ಟಿನ ತಲೆಗೆ ಹೊಂದಿಸುವುದೇ ದೊಡ್ಡ ಕೆಲಸ. ಇನ್ಸುಲೇಷನ್ ಟೇಪ್ ಎರಡು ಸುತ್ತು ಸುತ್ತಿದರೆ ಇಟ್ಟ ಕೋನದಲ್ಲಿ ನಿಲ್ಲುತ್ತದೆ, ಅಗತ್ಯ ಬಿದ್ದರೆ ಬಾಗುತ್ತದೆ. ತಲುಪಲು ಅದು ಒಳ್ಳೆಯದು. ಬಿಗಿ ಮಾಡಲು ಅಲ್ಲ. ಈ ವ್ಯತ್ಯಾಸ ನನಗೆ ತಿಳಿದದ್ದು 500 ಕಿಲೋಮೀಟರ್ ಓಡಿದ ಮೇಲೆ.

ನಾಲ್ಕನೇ ಬೋಲ್ಟಿಗೆ ಆ ಸಲ ಯೂನಿವರ್ಸಲ್ ಜಾಯಿಂಟ್ ಹಾಕಿಯೇ ಟಾರ್ಕ್ ರೆಂಚ್‌ನಲ್ಲಿ (ಇಟ್ಟಷ್ಟು ಬಿಗಿ ಬಂದಾಗ ಕಟ್ ಅನ್ನುವ ರೆಂಚ್) 25 ನ್ಯೂಟನ್ ಮೀಟರ್ ಕೊಟ್ಟಿದ್ದೆ. ರೆಂಚ್ ಕಟ್ ಅಂತು, ನಾನು ನಂಬಿದೆ. ಆದರೆ ಜಾಯಿಂಟ್ ಜಾಸ್ತಿ ಬಾಗಿದಾಗ ರೆಂಚ್ ತೋರಿಸುವ ಬಲವೇ ಬೋಲ್ಟಿಗೆ ಬರುತ್ತದೆ ಅನ್ನುವ ಹಾಗಿಲ್ಲ. ಸಾಕೆಟ್ ಪಕ್ಕಕ್ಕೆ ಒತ್ತುತ್ತದೆ, ಬಿಗಿ ಕೈಗೆ ಗೊತ್ತಾಗುವುದಿಲ್ಲ. 500 ಕಿಲೋಮೀಟರಿಗೆ ಬಾನೆಟ್ ತೆಗೆದಾಗ ಪುಲ್ಲಿಯ ಸುತ್ತ ಸಣ್ಣ ಕಪ್ಪು ಪುಡಿ. ಬೆಲ್ಟಿನ ಒಂದು ಅಂಚು ನೂಲು ಬಿಟ್ಟಿತ್ತು. ಟರ್ಬೊ ಆದರೆ ಹೊಗೆಯ ಬಲದಲ್ಲಿ ತಿರುಗುತ್ತದೆ. ಸೂಪರ್‌ಚಾರ್ಜರ್ ಕ್ರ್ಯಾಂಕ್‌ನ ಬೆಲ್ಟಿನಿಂದ ತಿರುಗುವುದು, ಆ ಎಳೆತ ಪೂರ್ತಿ ಬ್ರಾಕೆಟ್ ಮೇಲೆ. ಒಂದು ಬೋಲ್ಟು ಸಡಿಲವಾದರೂ ಪುಲ್ಲಿ ವಾಲಿ ಬೆಲ್ಟು ಅಂಚಿಗೆ ಸರಿಯುತ್ತದೆ. ಮುಟ್ಟಿ ನೋಡಿದೆ. ನಾಲ್ಕನೆಯದು ಬೆರಳಿಗೇ ತಿರುಗಿತು. ಸರಿಯಾದ ಬಿಗಿ ಇಲ್ಲದ ಬೋಲ್ಟು ಬಿಸಿಗೂ ತಂಪಿಗೂ ಬೇಗ ಬಿಟ್ಟುಕೊಡುತ್ತದೆ, ಯಾಕೆಂದರೆ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ.

ಎರಡನೇ ಸಲ ಕಾರನ್ನು ಗಟ್ಟಿ ಸ್ಟ್ಯಾಂಡ್‌ಗಳ ಮೇಲೆ ನಿಲ್ಲಿಸಿ ಕೆಳಗಿನಿಂದ ಹೋದೆ. 75 ಮತ್ತು 150 ಎರಡನ್ನೂ ಸೇರಿಸಿದೆ. ಒಂದನ್ನು ಪೂರ್ತಿ ಒತ್ತಿದ್ದೆ, ಇನ್ನೊಂದನ್ನು ಅರ್ಧ. ಕಣ್ಣಿಗೆ ಏನೂ ಕಾಣುವುದಿಲ್ಲ. ಎಡಗೈ ಬೆರಳು ಬೋಲ್ಟಿನ ತಲೆಯ ಮೇಲೆ, ಬಲಗೈಯಲ್ಲಿ ರ‍್ಯಾಚೆಟ್. ಸಾಕೆಟ್ ಕೂತಾಗ ಬೆರಳ ಕೆಳಗೆ ಸಣ್ಣಗೆ ಟಕ್ ಅಂತು. ಅಷ್ಟು ಹೊತ್ತು ಉಸಿರು ಹಿಡಿದಿದ್ದೆ ಅಂತ ಆಗ ಗೊತ್ತಾಯಿತು. ಆಮೇಲೆ ಕಟ್, ಕಟ್, ಕಟ್. ಕೊನೆಯ ಬಿಗಿಗೆ ಎಲ್ಲ ತೆಗೆದು ಟಾರ್ಕ್ ರೆಂಚ್‌ಗೆ ಕ್ರೋಫೂಟ್ (ಪಕ್ಕದಿಂದ ಬೋಲ್ಟಿಗೆ ಕೂರುವ ಸ್ಪ್ಯಾನರ್ ತಲೆ) ಹಾಕಿದೆ. ಅದನ್ನು ರೆಂಚ್‌ಗೆ 90 ಡಿಗ್ರಿಯಲ್ಲಿ ಇಟ್ಟರೆ ಅಂಕಿ ಬದಲಿಸಬೇಕಿಲ್ಲ. ನೇರಕ್ಕೆ ಇಟ್ಟರೆ ಉದ್ದ ಜಾಸ್ತಿಯಾಗುತ್ತದೆ: 30 ಸೆಂಟಿಮೀಟರ್ ರೆಂಚ್‌ಗೆ 3 ಸೆಂಟಿಮೀಟರ್ ಸೇರಿದರೆ 25ರ ಬದಲು 22.7ಕ್ಕೆ ಇಡಬೇಕು. ಥ್ರೆಡ್‌ಗೆ ಮಧ್ಯಮ ಬಿಗಿಯ ನೀಲಿ ಥ್ರೆಡ್ ಲಾಕರ್ (ಬೋಲ್ಟು ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಹನಿ. ಅಲ್ಲಿಂದ ಇಲ್ಲಿಯವರೆಗೆ ಆ ಬೋಲ್ಟು ಅಲುಗಿಲ್ಲ. ಹೊಸ ಬೆಲ್ಟಿನ ಅಂಚೂ ಚೆನ್ನಾಗಿದೆ.

ಸೆಟ್ ಎಷ್ಟು ಬಾಳಿತು ಅಂದರೆ, ರ‍್ಯಾಚೆಟ್‌ನ ಹಲ್ಲು ಇನ್ನೂ ಗಟ್ಟಿ. ಕತ್ತಿನ ಕೀಲು ಎರಡನೇ ವರ್ಷ ಸಡಿಲವಾಯಿತು, ಪಕ್ಕದ ಸ್ಕ್ರೂ ಕಾಲು ಸುತ್ತು ಬಿಗಿ ಮಾಡಿದ ಮೇಲೆ ಇಟ್ಟ ಕೋನದಲ್ಲಿ ನಿಲ್ಲುತ್ತದೆ. ಒಮ್ಮೆ ಬಿಚ್ಚಿ ತೊಳೆದು ತೆಳು ಎಣ್ಣೆ ಹಾಕಿದೆ. ದಪ್ಪ ಗ್ರೀಸ್ ಹಾಕಬೇಡಿ, ಒಳಗಿನ ಸಣ್ಣ ನಾಲಿಗೆ ಅಂಟಿಕೊಂಡು ಹಲ್ಲು ಜಾರುತ್ತದೆ. ಜಡವಾದ ಬೋಲ್ಟನ್ನು ಮೊದಲು ಸಡಿಲ ಮಾಡಲು ನಾನು ಇದನ್ನು ಯಾವತ್ತೂ ಬಳಸಿಲ್ಲ, ಅದಕ್ಕೆ ಅರ್ಧ ಇಂಚಿನ ಬ್ರೇಕರ್ ಬಾರ್ ಇದೆ. ಹಲ್ಲು ಸಣ್ಣದಾದಷ್ಟೂ ಅದನ್ನು ಹುಷಾರಾಗಿ ನೋಡಿಕೊಳ್ಳಬೇಕು.

ಬೇಸರ ತಂದದ್ದು 75ರ ಎಕ್ಸ್‌ಟೆನ್ಷನ್. ತುದಿಯ ಗುಂಡಿನ ಸ್ಪ್ರಿಂಗ್ ಸೋತು, ಹೊರಗೆ ಎಳೆದಾಗ ಸಾಕೆಟ್ ಬೋಲ್ಟಿನ ಮೇಲೇ ಉಳಿದುಬಿಡುತ್ತದೆ. ಎರಡು ಸಲ ಅಯಸ್ಕಾಂತದ ಕಡ್ಡಿಯಲ್ಲಿ ತೆಗೆದೆ. ಈಗ ಅದನ್ನು ತೆರೆದ ಜಾಗಕ್ಕೆ ಮಾತ್ರ ಬಳಸುತ್ತೇನೆ. 250 ಮಿಲಿಮೀಟರಿನದು ಸೆಟ್‌ನಲ್ಲಿ ಇಲ್ಲ. ಕಾರಿನ ಕೆಳಗಿನಿಂದ ಮ್ಯಾನಿಫೋಲ್ಡ್ ತಲುಪಬೇಕಾದವರು ಅದೊಂದನ್ನು, ವಾಬಲ್ ತುದಿಯದನ್ನೇ, ಜೊತೆಗೆ ತಗೊಳ್ಳಿ.