ಪಾರ್ಕರ್ ಕೋವಿಗೆ ರಿಸರ್ಚ್ ಲೆಟರ್: ಬೆಲೆ ಕಟ್ಟುವ ಮೊದಲು ಇದನ್ನು ತರಿಸಿ

ಅಮೆರಿಕದ ಪಾರ್ಕರ್ ಕಂಪನಿಯ, ಕೆತ್ತನೆ ಇರುವ ಹಳೆಯ ಜೋಡುನಳಿಗೆ ಕೋವಿ ಕೈಗೆ ಬಂದರೆ ಅದನ್ನು ಉಜ್ಜಬೇಡಿ, ಯಾರ ಹತ್ತಿರವೂ ರೇಟು ಕೇಳಬೇಡಿ. ಮೊದಲು ಪಾರ್ಕರ್ ಗನ್ ಕಲೆಕ್ಟರ್ಸ್ ಅಸೋಸಿಯೇಷನ್‌ಗೆ ಸೀರಿಯಲ್ ನಂಬರ್ ಕಳಿಸಿ ರಿಸರ್ಚ್ ಲೆಟರ್ ತರಿಸಿಕೊಳ್ಳಿ. ಕಾರ್ಖಾನೆಯ ಆರ್ಡರ್ ಪುಸ್ತಕ, ಸ್ಟಾಕ್ ಪುಸ್ತಕಗಳಲ್ಲಿ ಉಳಿದಿರುವುದನ್ನು ನೋಡಿ ಬರೆದುಕೊಡುವ ಪತ್ರ ಅದು. ಅದಕ್ಕೆ ಕೊಟ್ಟ ಶುಲ್ಕ ಸಾರ್ಥಕ ಅಂತ ನಾನು ಖಂಡಿತವಾಗಿ ಹೇಳಬಲ್ಲೆ.

ಇಲ್ಲಿ ಅಮೆರಿಕದಲ್ಲಿ ನಮ್ಮ ಪಕ್ಕದ ಮನೆಯ ಹಿರಿಯರು ತೀರಿಕೊಂಡಾಗ ಅವರ ಕೋವಿ ಮಗಳ ಪಾಲಿಗೆ ಬಂತು. ಒಬ್ಬ ವ್ಯಾಪಾರಿ ಅದನ್ನು ಬಿಚ್ಚಿಯೂ ನೋಡದೆ, 'ಹಳೇ 12 ಗೇಜು, ಇಂಥವು ಬೇಕಾದಷ್ಟಿವೆ, ಹಿಡಿ ಬೇರೆ ಕೊಯ್ದಿದ್ದಾರೆ' ಅಂತ ಒಂದು ಅಂಕಿ ಹೇಳಿ ಕಳಿಸಿದ್ದ. (ಗೇಜು ಅಂದರೆ ನಳಿಗೆಯ ಒಳ ಅಗಲದ ಅಳತೆ, ಹಿಡಿ ಅಂದರೆ ಭುಜಕ್ಕೆ ಒತ್ತುವ ಮರದ ಭಾಗ.) 'ಬೇಕಾದಷ್ಟಿವೆ' ಅನ್ನುವುದು ಸುಳ್ಳಲ್ಲ. ಕನೆಕ್ಟಿಕಟ್‌ನ ಮೆರಿಡೆನ್‌ನಲ್ಲಿ, 1934ರಲ್ಲಿ ರೆಮಿಂಗ್ಟನ್ ಕಂಪನಿ ಕೊಂಡ ಕೆಲವು ವರ್ಷಗಳ ಮೇಲೆ ನ್ಯೂಯಾರ್ಕ್ ರಾಜ್ಯದ ಇಲಿಯನ್‌ನಲ್ಲಿ, ಒಟ್ಟು ಸುಮಾರು 2,42,000 ಪಾರ್ಕರ್‌ಗಳು ತಯಾರಾದವು. ಅವುಗಳಲ್ಲಿ 12 ಗೇಜಿನವೇ ಹೆಚ್ಚು. ಆದರೆ ಎಲ್ಲವೂ ಒಂದೇ ಗ್ರೇಡಿನವಲ್ಲವಲ್ಲ! ಎಲ್ಲಕ್ಕಿಂತ ಕೆಳಗಿನ ಗ್ರೇಡಾದ ಟ್ರೋಜನ್‌ಗೆ ಕೆತ್ತನೆಯೇ ಇಲ್ಲ, ಅದರ ಮೇಲಿನ ವಿಎಚ್‌ಗೆ (ಎಚ್ ಅಂದರೆ ಹ್ಯಾಮರ್ ಹೊರಗೆ ಕಾಣದ ಕೋವಿ) ಅಂಚಿನಲ್ಲಿ ಸಣ್ಣ ಗೆರೆ ಕೆಲಸ ಅಷ್ಟೇ. ಡಿಎಚ್‌ಗೆ ಬಂದರೆ ಬಳ್ಳಿ ಸುರುಳಿಯ ನಡುವೆ ಬೇಟೆನಾಯಿ, ಹಕ್ಕಿಗಳ ಚಿತ್ರ ಇರುತ್ತದೆ. ಅಲ್ಲಿಂದ ಮೇಲೆ ಸಿ, ಬಿ, ಎ, ಎಎ, ಕೊನೆಗೆ ಎ-1 ಸ್ಪೆಷಲ್.

ಕೋವಿ ಖಾಲಿ ಇದೆಯೇ ಅಂತ ಖಾತ್ರಿ ಮಾಡಿಕೊಂಡು, ಮುಂದಿನ ಮರದ ತುಂಡು ತೆಗೆದು ನಳಿಗೆ ಬೇರ್ಪಡಿಸಿದೆವು. ನಳಿಗೆ ಕೂರುವ ಚಪ್ಪಟೆ ಜಾಗದಲ್ಲಿ 3 ಅನ್ನುವ ಅಂಕಿ ಇತ್ತು, ಅಂದರೆ ಡಿ ಗ್ರೇಡ್. ನಳಿಗೆಯ ಕೆಳಗಿನ ಕೊಕ್ಕೆಯ ಮೇಲೆ ಫ್ರೇಮ್ (ನಳಿಗೆ, ಹಿಡಿ ಎರಡನ್ನೂ ಜೋಡಿಸುವ ನಡುವಿನ ಉಕ್ಕಿನ ಭಾಗ) ಸೈಜು. ಫ್ರೇಮು, ನಳಿಗೆ, ಮುಂದಿನ ತುಂಡಿನ ಕಬ್ಬಿಣ, ಮೂರರಲ್ಲೂ ಒಂದೇ ಸೀರಿಯಲ್ ನಂಬರ್. ಇವು ತಾಳೆಯಾಗದಿದ್ದರೆ ಬೆಲೆ ಅಲ್ಲೇ ಕುಸಿಯುತ್ತದೆ.

ಪತ್ರ ಬಂದಾಗ ನಾನು ಬೆರಗಾದೆ. ಗ್ರೇಡ್ ಡಿಎಚ್‌ಇ, ಅಂದರೆ ಹೊಡೆದ ತೋಟಾವನ್ನು ತಾನೇ ಹೊರಹಾಕುವ ಎಜೆಕ್ಟರ್ ಇರುವುದು. ಟೈಟಾನಿಕ್ ಅನ್ನುವ ಹೆಸರಿನ ಉಕ್ಕಿನ 30 ಅಂಗುಲದ ನಳಿಗೆ, ಪಿಸ್ತೂಲಿನಂತೆ ಬಾಗಿದ ಕೈಹಿಡಿತ, ಹಿಡಿಯ ಉದ್ದ, ಇಳಿತ (ನಳಿಗೆಯ ಮಟ್ಟದಿಂದ ಹಿಡಿ ಎಷ್ಟು ಕೆಳಗಿದೆ ಅನ್ನುವ ಅಳತೆ), ಆರ್ಡರ್ ಕೊಟ್ಟ ಅಂಗಡಿ, ತಾರೀಕು, ಎಲ್ಲ ಇದ್ದವು. ಜೊತೆಗೆ ಒಂದೇ ಸಾಲು: ಹಿಡಿಯ ತುದಿಗೆ, ಒದೆತ ತಾಳಲು, ಸಿಲ್ವರ್ಸ್ ಅನ್ನುವ ಹೆಸರಿನ ರಬ್ಬರ್ ಪ್ಯಾಡ್. ವ್ಯಾಪಾರಿ ದೋಷ ಅಂತ ತೋರಿಸಿದ್ದೇ ಆ ಪ್ಯಾಡ್! ಡಿ ಗ್ರೇಡಿನ ಹಿಡಿಗೆ ಸಾಮಾನ್ಯವಾಗಿ ಉಕ್ಕಿನ ಚೌಕಟ್ಟಿನಂಥ ತಗಡು ಇರುತ್ತದೆ. ಅದಿಲ್ಲ ಅಂದರೆ ಯಾರೋ ಆಮೇಲೆ ಮರ ಕೊಯ್ದು ಪ್ಯಾಡ್ ಕೂರಿಸಿದ್ದಾರೆ ಅಂತಲೇ ನೋಡಿದವರು ಅಂದುಕೊಳ್ಳುತ್ತಾರೆ. ಇಲ್ಲಿ ಗಿರಾಕಿಯೇ ಕೇಳಿ ಹಾಕಿಸಿಕೊಂಡಿದ್ದ. ಟೇಪು ಹಿಡಿದು ಅಳೆದರೆ ಹಿಡಿಯ ಉದ್ದ ಪತ್ರದಲ್ಲಿರುವಷ್ಟೇ, ನಳಿಗೆಯೂ 30 ಅಂಗುಲ, ಒಂದಿಷ್ಟೂ ಕತ್ತರಿಸಿಲ್ಲ.

ಪತ್ರ ಕೆತ್ತನೆಯ ಸ್ಥಿತಿ ಹೇಳುವುದಿಲ್ಲ, ಅದನ್ನು ನಿಮ್ಮ ಕಣ್ಣೇ ನೋಡಬೇಕು. ಭೂತಗನ್ನಡಿ ಹಿಡಿದು ಎಡಬದಿಯ ಸೆಟರ್ ನಾಯಿಯ ಬಾಲ ನೋಡಿದೆ. ಜೋಲುವ ಕೂದಲಿನ ಒಂದೊಂದು ಗೀರೂ ಬಿಡಿಬಿಡಿಯಾಗಿ, ಅಂಚು ಚೂಪಾಗಿ ಕಾಣುತ್ತಿತ್ತು. ಪಾಲಿಷ್ ಚಕ್ರಕ್ಕೆ ಕೊಟ್ಟ ಕೋವಿಯಲ್ಲಿ ಮೊದಲು ಹೋಗುವುದೇ ಈ ಗೀರುಗಳು, ಅಂಚುಗಳೆಲ್ಲ ಸವೆದು ನುಣುಪಾಗುತ್ತವೆ. ಸ್ಕ್ರೂಗಳ ತಲೆಯ ಸೀಳು ಕಿತ್ತುಹೋಗಿಲ್ಲ. ಟ್ರಿಗರ್ ಸುತ್ತಿನ ಮೂಲೆಗಳಲ್ಲಿ, ಕೈ ತಾಗದ ಕಡೆ, ಕೇಸ್ ಹಾರ್ಡನಿಂಗ್‌ನ (ಲೋಹದ ಮೇಲ್ಮೈಯನ್ನು ಗಟ್ಟಿ ಮಾಡುವಾಗ ಮೂಡುವ) ನೀಲಿ ಬೂದು ಬಣ್ಣ ಇನ್ನೂ ಮೋಡದ ಹಾಗೆ ನಿಂತಿದೆ. ಈ ಮಾಸಿದ ಮೂಲ ಬಣ್ಣಕ್ಕೆ ಸಂಗ್ರಹಕಾರರಲ್ಲಿರುವ ಗೌರವ ಹೊಸದಾಗಿ ಹಾಕಿಸಿದ ಹೊಳೆಯುವ ಬಣ್ಣಕ್ಕೆ ಇಲ್ಲ. ನನಗೂ ಅದೇ ಸರಿ ಅನ್ನಿಸುತ್ತದೆ.

ಸಾದಾ ವಿಎಚ್‌ಗೆ ಆಮೇಲೆ ನಾಯಿ ಹಕ್ಕಿ ಕೆತ್ತಿಸಿ ಮೇಲಿನ ಗ್ರೇಡ್ ಅಂತ ಮಾರುವವರೂ ಇದ್ದಾರೆ. 28 ಗೇಜು, .410 ಬೋರಿನಂಥ ಅಪರೂಪದವುಗಳಲ್ಲಿ ದುಡ್ಡು ಹೆಚ್ಚು, ಹಾಗಾಗಿ ಮೋಸವೂ ಹೆಚ್ಚು. ಪುಸ್ತಕದಲ್ಲಿರುವ ಗ್ರೇಡ್ ಮುಂದೆ ಈ ಆಟ ನಡೆಯುವುದಿಲ್ಲ.

ಕೊರತೆಗಳೂ ಇವೆ. ಎಲ್ಲ ವರ್ಷದ ಪುಸ್ತಕಗಳೂ ಉಳಿದಿಲ್ಲ, ನಿಮ್ಮ ನಂಬರಿನದು ಇದೆಯೇ ಅಂತ ಮೊದಲೇ ವಿಚಾರಿಸಿ. ನಮ್ಮ ಪತ್ರದಲ್ಲಿ ಕೆತ್ತಿದವರ ಹೆಸರಿರಲಿಲ್ಲ. ಅಂಥ ಕೈಯ ಹೆಸರು ತಿಳಿಯಲಿಲ್ಲವಲ್ಲ ಅಂತ ನನಗೆ ಈಗಲೂ ಬೇಸರವಿದೆ. ಬೆಲೆಯನ್ನಂತೂ ಪತ್ರ ಹೇಳುವುದಿಲ್ಲ. ಅದಕ್ಕೆ ಅದೇ ಗ್ರೇಡ್, ಅದೇ ಗೇಜ್, ಅದೇ ಸ್ಥಿತಿಯ ಕೋವಿಗಳು ಹರಾಜಿನಲ್ಲಿ ನಿಜವಾಗಿ ಎಷ್ಟಕ್ಕೆ ಹೋದವು ಅಂತ ನೋಡಬೇಕು. ಮಾರುವವರು ಚೀಟಿ ಅಂಟಿಸಿದ ಬೆಲೆ ಲೆಕ್ಕಕ್ಕಿಲ್ಲ.

ಪತ್ರ ಹಿಡಿದು ಇನ್ನೊಬ್ಬ ಮೌಲ್ಯಮಾಪಕರ ಹತ್ತಿರ ಹೋದಾಗ ಅವರು ನಳಿಗೆಯ ಗೋಡೆಯ ದಪ್ಪವನ್ನೂ ಅಳೆದು, ಬರವಣಿಗೆಯಲ್ಲಿ ಕೊಟ್ಟ ಅಂಕಿ ಮೊದಲಿನವನು ಹೇಳಿದ್ದರ ಎರಡರಷ್ಟನ್ನೂ ದಾಟಿತ್ತು. ಆ ಮಗಳು ಕೋವಿ ಮಾರಲಿಲ್ಲ, ವಿಮೆ ಮಾಡಿಸಿದರು.

ನಿಮ್ಮದು ಇನ್ನೊಂದು ಹಳೆಯ ಅಮೆರಿಕನ್ ಕೋವಿಯಾದ ಎಲ್.ಸಿ. ಸ್ಮಿತ್ ಆಗಿದ್ದರೆ ಪಾರ್ಕರ್‌ನವರಿಗೆ ಬರೆಯಬೇಡಿ. ಅದರ ದಾಖಲೆ ವಯೋಮಿಂಗ್‌ನ ಕೋಡಿ ಫೈರ್‌ಆರ್ಮ್ಸ್ ಮ್ಯೂಸಿಯಂನಲ್ಲಿದೆ, ಅಲ್ಲಿಗೆ ಬರೆಯಿರಿ.